ಸೂತಕದ ಮನೆಯ ಕಡುಬು

ಡಿಸೆಂಬರ್ 9, ಮಂಗಳವಾರ

ಎಂಟಕ್ಕೆ ಅಂಗಡಿ. ಅತಿಮಧುರ, ಶುಂಠಿ, ಒಣ ಕಿತ್ತಳೆ ಸಿಪ್ಪೆ — ನಲವತ್ತು ಪೊಟ್ಟಣ ಕಟ್ಟಿದೆ. ಊರಿಗೆಲ್ಲ ಕೆಮ್ಮು. ತಕ್ಕಡಿ ಹಿಡಿದರೆ ಕೈ ನಡುಗುವುದಿಲ್ಲ. ಮೂಲಿಕೆ ಅಂಗಡಿಯ ಶಿಯೆ ಯಜಮಾನರು ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಾರೆ. ಗಂಡ ಸತ್ತು ಮೂರು ತಿಂಗಳಾದವಳ ಕೈ ನಡುಗಬೇಕು ಅಂತ ಇರಬಹುದು.

ಸಂಜೆ ಎದುರುಮನೆ ಕೆ ಅಜ್ಜಿ ಒಂದು ಬಟ್ಟಲು ಮೂಲಂಗಿ ಸಾರು ತಂದರು. ಎರಡೂ ಕೈಯಲ್ಲಿ ಹಿಡಿದು ಚಾಚಿದರು. ತಗೊಂಡೆ. ಅಜ್ಜಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಏನೇ ಪಿಚಿಂಗ್, ಒಂದು ಸಲನಾದ್ರೂ ಬೇಡ ಅನ್ನಬಾರದಾ? ತಗೋ ತಗೋ ಅಂತ ಜಗಳ ಆಡೋಕೆ ಸಿದ್ಧವಾಗಿ ಬಂದಿದ್ದೆ ನಾನು."

"ಬೇಡ ಅಜ್ಜಿ."

"ಕೈಗೆ ತಗೊಂಡ್ಮೇಲೆ ಬೇಡ ಅಂತಾಳೆ! ಎರಡು ಸಲ ಬೇಡ ಅನ್ಬೇಕು, ಮೂರನೇ ಸಲ ಅಯ್ಯೋ ನಿಮಗ್ಯಾಕೆ ತೊಂದ್ರೆ ಅಂತ ತಗೋಬೇಕು. ನಿಮ್ಮಮ್ಮ ಕಲಿಸ್ಲಿಲ್ವಾ?"

ಕಲಿಸಿದ್ದಾಳೆ. ಬೀದಿಗೆಲ್ಲ ಹೇಳಿಕೊಡುತ್ತಿದ್ದವಳು ನಾನು. ಯಾರ ಮನೆಗೆ ಏನು, ಯಾವ ಬಣ್ಣದ ಕಾಗದದಲ್ಲಿ, ಯಾವ ಹೊತ್ತಿಗೆ... ಈಗ ನೆನಪಿಗೆ ಬಂದರೂ ಕೈಗೆ ಬರುವುದಿಲ್ಲ. ಬಟ್ಟಲು ತೊಳೆದು ಬರಿದಾಗಿಯೇ ವಾಪಸು ಕೊಟ್ಟೆ. ಒಂದು ಹಿಡಿ ಸಕ್ಕರೆ ಹಾಕಿ ಕೊಡಬೇಕಿತ್ತು. ಅಜ್ಜಿ ಬೈದಿದ್ದರೆ ವಾಸಿಯಿತ್ತು.

ಮೂನ್‌ಕೇಕ್ ಡಬ್ಬಿ ಇನ್ನೂ ಬೀರುವಿನ ಮೇಲಿದೆ. ಬೈಕ್ ನಜ್ಜುಗುಜ್ಜಾಗಿತ್ತು, ಪೊಲೀಸರು ತಂದುಕೊಟ್ಟ ಡಬ್ಬಿಯ ಒಂದು ಮೂಲೆಯೂ ಬಗ್ಗಿರಲಿಲ್ಲ. ಹುಣ್ಣಿಮೆ ಹಬ್ಬಕ್ಕೆಂದು ನನ್ನ ಗಂಡ ವೆನ್‌ಬಿನ್ ತನ್ನ ಅಕ್ಕನಿಗೆ ಒಯ್ಯುತ್ತಿದ್ದದ್ದು. ಅಂದರೆ ಅತ್ತಿಗೆಯದು, ನಾವು ತಿನ್ನುವಂತಿಲ್ಲ. ಸೂತಕದ ಮನೆಯಿಂದ ಹಬ್ಬದ ಉಡುಗೊರೆ ಕಳಿಸುವಂತೆಯೂ ಇಲ್ಲ. ಉಗುಳಲೂ ಆಗದು, ನುಂಗಲೂ ಆಗದು.

ಡಿಸೆಂಬರ್ 17, ಬುಧವಾರ

ನೂರನೆಯ ದಿನ. ಅಂಗಡಿಗೆ ಅರ್ಧ ದಿನ ರಜೆ.

ಬಂದರಿನಿಂದ ಅತ್ತಿಗೆ ಬಂದರು, ಬೆಳಗಿನ ಬಸ್ಸಿಗೆ. ಐದು ಕಿತ್ತಳೆ, ಊದುಕಡ್ಡಿ. ಫೋಟೋದ ಮುಂದೆ ಇಟ್ಟು ತಲೆಬಾಗಿದರು. ಅಮ್ಮ ಬೇಗ ಸತ್ತ ಮನೆ ಅವರದು, ವೆನ್‌ಬಿನ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು. ಅತ್ತರು, ಗಟ್ಟಿಯಾಗಿ. ನಾನು ಪಕ್ಕದಲ್ಲಿ ಕಂಬದ ಹಾಗೆ. ನೆಂಟರೆಲ್ಲ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದರು.

ಮಗಳು ರೂಲಿನ್ ಚಹಾ ಕೊಟ್ಟಳು. ಹದಿಮೂರು ವರ್ಷದವಳು, ಎರಡು ಕೈಯಲ್ಲಿ ಹಿಡಿದು, ಬಗ್ಗಿ. "ಅತ್ತೆ, ಚಹಾ." ಅತ್ತಿಗೆ ಲೋಟ ತಗೊಂಡು ಮೇಜಿನ ಮೇಲಿಟ್ಟರು. ಕುಡಿಯಲಿಲ್ಲ. ಹೊರಡುವಾಗ ನನ್ನ ಹತ್ತಿರ ನಿಂತು ಒಂದೇ ಮಾತು, ಹೆಣ ಎತ್ತುವ ದಿನ ಕೇಳಿದ್ದ ಅದೇ ಮಾತು.

"ಆ ಮಳೇಲಿ ಯಾಕೆ ಕಳ್ಸಿದೆ?"

ಕುಡಿಯದ ಲೋಟ ಎತ್ತಿ ಒಳಗಿಟ್ಟೆ.

ಕಳಿಸಿದ್ದು ನಾನೇ. ಕಿರಿಯರ ಮನೆಯಿಂದ ಮೊದಲು ಹೋಗಬೇಕು, ಅದೇ ಪದ್ಧತಿ. ಹಿಂದಿನ ವರ್ಷ ಅವರ ಡಬ್ಬಿಯೇ ಮೊದಲು ಬಂದಿತ್ತು, ನಮ್ಮದಕ್ಕಿಂತ ದೊಡ್ಡದೂ ಇತ್ತು. ನಾಚಿಕೆಯಿಂದ ಸತ್ತಿದ್ದೆ. ಈ ಸಲ ಅವನು "ನಾಳೆ ಹೋಗ್ತೀನಿ ಕಣೇ, ಮಳೆ ನೋಡು" ಅಂದ. "ಅಷ್ಟರಲ್ಲಿ ಅವರದ್ದು ಬಂದ್ಬಿಟ್ರೆ ಮುಖ ಎಲ್ಲಿಟ್ಕೊಳ್ಳೋದು?" ಅಂದೆ. ಹೋದ.

ತಪ್ಪು ನನ್ನದು. ಬರೆದು ನೋಡಿದೆ. ಏನೂ ಆಗಲಿಲ್ಲ.

ಡಿಸೆಂಬರ್ 22, ಸೋಮವಾರ

ಚಳಿಗಾಲದ ಹಬ್ಬ. ಕೆ ಅಜ್ಜಿ ಅಕ್ಕಿ ಉಂಡೆಯ ಪಾಯಸ ತಂದರು. ಬೇಡ, ಬೇಡ, ಅಯ್ಯೋ ನಿಮಗ್ಯಾಕೆ ತೊಂದ್ರೆ. ಅಂದೆ. "ಗಿಳಿ ಪಾಠ ಒಪ್ಪಿಸಿದ ಹಾಗಾಯ್ತು, ಆದ್ರೂ ಪರವಾಗಿಲ್ಲ" ಅಂದರು.

ಕೂತು ಮಾತಾಡಿದರು. ಚಾಂದ್ರಮಾನದ ಹೊಸವರ್ಷಕ್ಕೆ ಇನ್ನೊಂದು ತಿಂಗಳು. ಈ ವರ್ಷ ನಮ್ಮ ಒಲೆಯ ಮೇಲೆ ಸಿಹಿ ಕಡುಬು ಬೇಯುವಂತಿಲ್ಲ, ಸತ್ತವರ ಮನೆಯಲ್ಲಿ ವರ್ಷ ತುಂಬುವವರೆಗೆ ಬೇಯಿಸಬಾರದು. ನೆಂಟರು, ನೆರೆಯವರು ತಂದುಕೊಡಬೇಕು.

"ನಾನಂತೂ ತರ್ತೀನಿ. ಆದ್ರೆ ಗಂಡನ ಕಡೆಯಿಂದ ಬರೋದು ಮುಖ್ಯ ಕಣೇ. ಅತ್ತೆ ಇಲ್ಲ, ಮಾವ ಇಲ್ಲ, ಇರೋದು ಆ ಅತ್ತಿಗೆ ಒಬ್ಬಳೇ. ಅವಳ ಕಡುಬು ಬಂದ್ರೆ ನೀನು ಆ ಮನೆಯವಳು. ಬರ್ಲಿಲ್ಲ ಅಂದ್ರೆ..."

"ಬರ್ಲಿಲ್ಲ ಅಂದ್ರೆ ಏನಜ್ಜಿ?" ಕೇಳಿದ್ದು ರೂಲಿನ್, ಒಳಗಿನಿಂದ.

ಅಜ್ಜಿ ನಾಲಿಗೆ ಕಚ್ಚಿಕೊಂಡರು. "ಏನಿಲ್ಲ ಪುಟ್ಟಿ. ನೀನು ಉಂಡೆ ತಿನ್ನು."

ಬರದಿದ್ದರೆ ಸಂಬಂಧ ತೀರಿತು ಅಂತ ಅರ್ಥ. ಅದು ರೂಲಿನ್‌ಗೂ ಗೊತ್ತು. ಬೇಸಿಗೆ ರಜೆಯೆಲ್ಲ ಅತ್ತೆಯ ಮನೆಯಲ್ಲಿ ಬೆಳೆದವಳು, ಈಜು ಕಲಿತದ್ದು ಅಲ್ಲಿ. ನನಗೆ ಬಂದರೂ ಅಷ್ಟೇ ಬರದಿದ್ದರೂ ಅಷ್ಟೇ. ಅವಳು ಮಾತ್ರ ಪಾಯಸ ಅರ್ಧಕ್ಕೆ ಬಿಟ್ಟಳು.

ಜನವರಿ 3, ಶನಿವಾರ

ಶಿಯೆ ಯಜಮಾನರ ಮೊಮ್ಮಗನಿಗೆ ತಿಂಗಳು ತುಂಬಿತು. ಅಂಗಡಿಯವರಿಗೆಲ್ಲ ಶುಭಕ್ಕೆಂದು ಎರಡೆರಡು ಕೆಂಪು ಮೊಟ್ಟೆ. ನನ್ನ ಹತ್ತಿರ ಬಂದಾಗ ಯಜಮಾನರು ನಿಂತರು. ನನ್ನ ತೋಳಿನ ಸೂತಕದ ಕಪ್ಪು ಪಟ್ಟಿ ನೋಡಿದರು. ಕೊಟ್ಟರೆ ಮಗುವಿಗೆ ಕೆಡುಕು, ಕೊಡದಿದ್ದರೆ ನನಗೆ ಅವಮಾನ. ಪಾಪ, ಬೆವರಿದರು. ಕೊನೆಗೆ ಬಣ್ಣ ಹಚ್ಚದ ಎರಡು ಮೊಟ್ಟೆ ತರಿಸಿ ಕೊಟ್ಟರು. ಒಳ್ಳೆಯ ಮನುಷ್ಯ. ಒಂದೇ ಕೈ ಚಾಚಿ ತಗೊಂಡೆ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಅತಿಮಧುರ ಮುಗಿದಿದೆ. ಸೋಮವಾರ ಬರುತ್ತದಂತೆ.

ಜನವರಿ 11, ಭಾನುವಾರ

ಮಧ್ಯಾಹ್ನ ಬೀರುವಿನ ಮೇಲೆ ನೋಡಿದೆ. ಡಬ್ಬಿ ಇಲ್ಲ. ಚೌಕಾಕಾರದಲ್ಲಿ ಧೂಳಿಲ್ಲದ ಜಾಗ. ರೂಲಿನ್ ಕೂಡ ಇಲ್ಲ. ಗೆಳತಿಯ ಮನೆಗೆ ಅಂದಿದ್ದಳು.

ಮೂರೂವರೆಗೆ ಬಂದಳು. ಬೂಟಿನಲ್ಲಿ ಬಂದರಿನ ಕೆಸರು.

"ಎಲ್ಲಿ ಹೋಗಿದ್ದೆ?"

"ಅತ್ತೆ ಮನೆಗೆ. ಡಬ್ಬಿ ಅವರದಲ್ವಾ? ಅವರಿಗೆ ತಲುಪಿಲ್ಲ, ಅದಕ್ಕೇ ಕೋಪ ಅಂತ..."

ಕೂತುಬಿಟ್ಟೆ. ಸೂತಕದ ಹುಡುಗಿ, ವರ್ಷದ ಕೊನೆಯ ತಿಂಗಳಲ್ಲಿ, ಇನ್ನೊಬ್ಬರ ಹೊಸ್ತಿಲಿಗೆ. ಕೈಯಲ್ಲಿ ನಾಲ್ಕು ತಿಂಗಳ ಹಳೆಯ ಮೂನ್‌ಕೇಕ್. ಅದೂ ಯಾವ ಡಬ್ಬಿ! ವೈರಿಯ ಮನೆಗೂ ಹಾಗೆ ಯಾರೂ ಹೋಗುವುದಿಲ್ಲ.

"ಏನಂದ್ರು?"

"ಬಾಗಿಲಲ್ಲೇ ನಿಂತ್ರು. ಅವರತ್ತೆ ಹಿಂದಿನಿಂದ ಕೂಗಾಡ್ತಿದ್ರು, ಒಳಗೆ ಬಿಡ್ಬೇಡ ಅಂತ. ಯಾರು ಕಳ್ಸಿದ್ದು ಅಂತ ಅತ್ತೆ ಕೇಳಿದ್ರು."

"ನೀನೇನಂದೆ?"

"ಅಪ್ಪ ಅಂದೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಎದ್ದು ಆರಿಸಿದೆ.

"ತಗೊಂಡ್ರಾ?"

"ಬೇಡ ಅಂದ್ರು. ತಗೊಳ್ಳಿ ಅತ್ತೆ ಅಂದೆ. ಮತ್ತೆ ಬೇಡ ಅಂದ್ರು. ಮೂರನೇ ಸಲ ತಗೋತಾರೆ ಅಂತ ಮತ್ತೆ ಚಾಚಿದೆ. ಬಾಗಿಲು ಹಾಕ್ಕೊಂಡ್ರು."

"ಡಬ್ಬಿ?"

"ಹೊಸ್ತಿಲ ಮೇಲಿಟ್ಟು ಬಂದೆ."

ಬೈಯಬೇಕಿತ್ತು, ಇಲ್ಲ ಅಪ್ಪಿಕೊಳ್ಳಬೇಕಿತ್ತು. ಬೂಟು ತೊಳಿ ಅಂದೆ.

ಜನವರಿ 15, ಗುರುವಾರ

ವರ್ಷದ ಕೊನೆಯ ಪೂಜೆ ಮಾಡಿ ಒಲೆ ದೇವರನ್ನು ಸ್ವರ್ಗಕ್ಕೆ ಕಳಿಸಿಕೊಟ್ಟೆವು. ಡಬ್ಬಿ ವಾಪಸು ಬಂದಿಲ್ಲ. ವಾಪಸು ಬಂದರೆ ಎಲ್ಲ ಮುಗಿದ ಹಾಗೆ. ಕಸದ ಗಾಡಿಗೂ ಹೋಗಿರಬಹುದು.

ಜನವರಿ 18, ಭಾನುವಾರ

ಕಡುಬು ಬರತೊಡಗಿವೆ. ನಿನ್ನೆ ಕೆ ಅಜ್ಜಿಯದು, ಗಾಡಿಯ ಗಾಲಿಯಷ್ಟು ದೊಡ್ಡದು, ಬೆಲ್ಲ ಜಾಸ್ತಿ. ಇವತ್ತು ಶಿಯೆ ಯಜಮಾನರ ಹೆಂಡತಿಯದು, ನನ್ನ ಅಣ್ಣನ ಮನೆಯದು. ಬೇಡ, ಬೇಡ, ಅಯ್ಯೋ ನಿಮಗ್ಯಾಕೆ ತೊಂದ್ರೆ. ಎಲ್ಲರಿಗೂ ಸರಿಯಾಗಿ ಹೇಳಿದೆ. ಬಟ್ಟಲಿಗೆಲ್ಲ ಸಕ್ಕರೆ ಹಾಕಿ ಕೊಟ್ಟೆ.

ರೂಲಿನ್ ಒಂದನ್ನೂ ಮುಟ್ಟುತ್ತಿಲ್ಲ. "ಅತ್ತೇದು ಬರ್ಲಿ, ಮೊದಲು ಅದನ್ನ ಕೊಯ್ಯೋಣ" ಅಂತಾಳೆ. ಬಸ್ಸಿನ ಹಾರ್ನ್ ಕೇಳಿದರೆ ಕಿಟಕಿಗೆ ಓಡುತ್ತಾಳೆ.

ಜನವರಿ 20, ಮಂಗಳವಾರ

ಏಳು ಕಡುಬು. ಬಂದರಿನದು ಇಲ್ಲ. ಕೆ ಅಜ್ಜಿ ಬಂದು ಮೇಜು ನೋಡಿ, ನನ್ನ ನೋಡಿ, ಹವಾಮಾನದ ಮಾತಾಡಿ ಹೋದರು. ನಾಳೆ ಬೆಳಗಾದರೆ ವರ್ಷದ ಕೊನೆಯ ದಿನ. ಇನ್ನು ಬರುವುದಿಲ್ಲ.

"ನಾನು ಡಬ್ಬಿ ಒಯ್ದಿದ್ದಕ್ಕೇ ಅಲ್ವಾಮ್ಮಾ?" ಅಂದಳು ರೂಲಿನ್.

ಅಲ್ಲ ಕಣೇ ಅನ್ನಬೇಕಿತ್ತು. ಅಲ್ಲ, ನಾನು ಕಳಿಸಿದ್ದಕ್ಕೆ. "ಊಟ ಮಾಡು" ಅಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಎಂಥ ತಾಯಿ... ಅದೂ ನೋವಾಗುತ್ತಿಲ್ಲ. ಹಲ್ಲು ಕೀಳಿಸಿಕೊಂಡ ದಿನದ ದವಡೆ ಹಾಗಿದ್ದೇನೆ.

ಜನವರಿ 21, ಬುಧವಾರ. ಸಂಜೆ 5

ಒಂದೂವರೆ ಬಸ್ಸಿಗೆ ಅತ್ತಿಗೆ ಬಂದರು.

ಬರಿಗೈಯಲ್ಲಿ. ಒಂದು ಚೀಲವೂ ಇಲ್ಲ. ಹುಟ್ಟಿದಾರಭ್ಯ ಯಾರ ಮನೆಗೂ ಹಾಗೆ ಕೈಬೀಸಿಕೊಂಡು ಹೋದವರಲ್ಲ. ಎದುರುಮನೆಯ ಬಾಗಿಲಿನಿಂದ ಕೆ ಅಜ್ಜಿಯ ಕತ್ತು ಹೊರಗೆ ಬಂತು. ಸಂಬಂಧ ಮುರಿಯಲು ತಾವೇ ಬಂದರು ಅಂದುಕೊಂಡೆ. ರೂಲಿನ್ ನನ್ನ ಬೆನ್ನ ಹಿಂದೆ ಸರಿದಳು.

ಒಳಗೆ ಬಂದು ಕೂತರು. ಮೇಜಿನ ಮೇಲಿನ ಕಡುಬುಗಳನ್ನು ಒಂದೊಂದಾಗಿ ನೋಡಿದರು.

"ಎಲ್ರೂ ತಂದ್ಕೊಟ್ಟಿದಾರೆ."

"ಹೂಂ."

"ನನಗೆ ಯಾರೂ ತರ್ಲಿಲ್ಲ."

ಅರ್ಥವಾಗಲಿಲ್ಲ. "ನಿಮ್ಮನೇಲೇ ಮಾಡಿರ್ತೀರಲ್ಲ, ಅತ್ತಿಗೆ."

"ಮಾಡ್ಲಿಲ್ಲ. ಮಾಡೋಕೆ ಬಿಡ್ಲಿಲ್ಲ. ನಮ್ಮತ್ತೆ ಅಂದ್ರು, ಮದುವೆ ಆಗಿ ಇಪ್ಪತ್ತಾರು ವರ್ಷ ಆಯ್ತು, ಸೂತಕ ಅವರ ಮನೇದು, ನಿನಗೇನು ಬಂತು ಅಂತ. ಹಬೆ ಪಾತ್ರೆ ಎತ್ತಿ ಅಂಗಳಕ್ಕೆ ಎಸೆದೆ. ನಾನು ಹೊತ್ತು ಬೆಳೆಸಿದ ಹುಡುಗ ಸತ್ತಿದಾನೆ, ಈ ಒಲೆ ಮೇಲೆ ಯಾರು ಕಡುಬು ಇಡ್ತೀರೋ ನೋಡ್ತೀನಿ ಅಂದೆ. ಕಡುಬೇ ಮಾಡದ ಮೇಲೆ ನಿನಗೇನು ತರ್ಲಿ? ಅಂಗಡೀಲಿ ಕೊಂಡು ತರ್ಲಾ?"

ಇಷ್ಟು ದಿನ ನಾವು ಇಲ್ಲಿ ಕಾದಿದ್ದೆವು. ಅವರು ಅಲ್ಲಿ. ಅವರ ಬೀದಿಯಲ್ಲಿ ಅವರನ್ನು ಸೂತಕದವರು ಅಂತ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ರೂಲಿನ್ ಮೆಲ್ಲಗೆ ಕೇಳಿದಳು. "ಅತ್ತೆ, ಆ ಡಬ್ಬಿ..."

"ಒಳಗೆ ತಗೊಂಡೆ ಕಣೇ. ನಿಮ್ಮಪ್ಪ ಕಳ್ಸಿದ್ದು ಅಂದ್ಮೇಲೆ ಬೇಡ ಅನ್ನೋಕಾಗತ್ತಾ? ನಿನ್ನೆದುರು ಅಳಬಾರದು ಅಂತ ಬಾಗಿಲು ಹಾಕಿದೆ." ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ಮಧ್ಯಾಹ್ನ ನಾನು ಫೋನ್ ಮಾಡಿದ್ದು ಯಾರಿಗೂ ಹೇಳ್ಲಿಲ್ವಲ್ಲ ನೀನು."

ಹೇಳಿರಲಿಲ್ಲ. ಇಲ್ಲೂ ಬರೆದಿರಲಿಲ್ಲ. ಈ ಸಲವೂ ನಮ್ಮ ಡಬ್ಬೀನೇ ಮೊದಲು, ನಾಳೆ ಬೆಳಗ್ಗೇನೇ ಬರತ್ತೆ ನೋಡ್ತಿರು ಅಂತ ಫೋನಿನಲ್ಲಿ ನಕ್ಕಿದ್ದರು. ಅದನ್ನು ಕೇಳಿಯೇ ಅವನನ್ನು ಎಬ್ಬಿಸಿ ಕಳಿಸಿದ್ದು.

"ಯಾಕೆ ಕಳ್ಸಿದೆ ಅಂತ ಕೇಳ್ದಾಗೆಲ್ಲ, ನೀವು ಹಂಗಿಸಿದ್ದಕ್ಕೆ ಅಂತೀಯ ಅಂತ ಕಾಯ್ತಿದ್ದೆ ಪಿಚಿಂಗ್. ಒಂದು ಸಲ ಅಂದಿದ್ರೆ ನನಗೆ ನಿದ್ದೆ ಬರ್ತಿತ್ತು. ಅನ್ಲೇ ಇಲ್ಲ ನೀನು."

ಎದ್ದೆ. ಕೆ ಅಜ್ಜಿಯ ಕಡುಬು ತೆಳ್ಳಗೆ ಕೊಯ್ದು ಎಣ್ಣೆಯಲ್ಲಿ ಕಾಯಿಸಿದೆ. ಸೂತಕದ ಮನೆಯವರು ಹಬ್ಬದ ಕಡುಬು ಕೊಡಬಾರದು ಅಂತ ಇದ್ದೀತು. ತೆಗೆದುಕೊಳ್ಳುವವರೂ ಸೂತಕದವರೇ ಆದರೆ ಏನು ಅಂತ ಯಾರೂ ಹೇಳಿಕೊಟ್ಟಿಲ್ಲ. ತಟ್ಟೆ ಎರಡು ಕೈಯಲ್ಲಿ ಹಿಡಿದು ಚಾಚಿದೆ. ಅತ್ತಿಗೆ ಒಂದು ಸಲವೂ ಬೇಡ ಅನ್ನಲಿಲ್ಲ. ಐದು ತುಂಡು ತಿಂದರು, ಅಳುತ್ತಲೇ. ರೂಲಿನ್ ಅವರಿಗೆ ಒರಗಿ ಕೂತು ಆರು ತಿಂದಳು.

ಕತ್ತಲಾಗುವ ಮೊದಲು ಮದುವೆಯಾದ ಹೆಣ್ಣು ಗಂಡನ ಮನೆ ಸೇರಬೇಕು, ಇವತ್ತಂತೂ. ಮೂರೂವರೆ ಬಸ್ಸು. ಒಂದು ಇಡೀ ಕಡುಬು ಕಟ್ಟಿಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತರು. ಬಸ್ಸು ಹೊರಟಿತು. ತಿರುವಿನಲ್ಲಿ ಮರೆಯಾಯಿತು. ಅವನೂ ಆ ತಿರುವಿನಲ್ಲೇ ಮರೆಯಾಗಿದ್ದು, ರೇನ್‌ಕೋಟ್ ಹಾಕಿಕೊಂಡು.

ಅಲ್ಲೇ ರಸ್ತೆಯಲ್ಲಿ ಕೂತೆ. ಎಲ್ಲಿಂದ ಬಂತೋ ಅಳು, ಗೊತ್ತಿಲ್ಲ. ಜನ ನಿಂತು ನೋಡಿದರು. ರೂಲಿನ್ ಹೆದರಿ ನನ್ನ ತೋಳು ಹಿಡಿದಳು.

"ಅಮ್ಮಾ, ಏನಾಯ್ತು? ಏನಾಯ್ತಮ್ಮಾ?"

"ನಿಮ್ಮಪ್ಪ ಸತ್ತುಹೋದ ಕಣೇ" ಅಂದೆ.

"ಗೊತ್ತಮ್ಮ" ಅಂದಳು.

ಗೊತ್ತು. ಅವಳಿಗೆ ಗೊತ್ತು, ಅತ್ತಿಗೆಗೆ ಗೊತ್ತು, ಊರಿಗೆಲ್ಲ ಗೊತ್ತು. ನನಗೊಬ್ಬಳಿಗೆ—