ಅಮ್ಮನ ಹಾಡು, ಅಮ್ಮನ ಮಾತು

ನವದೆಹಲಿ
11 ಫೆಬ್ರವರಿ 2012

ತಂಗಿ ಸರುಲಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರಿಸದೆ ಕೂತದ್ದಕ್ಕೆ ಕೆಲಸದ ನೆಪ ಹೇಳಬಹುದು, ಹೇಳುವುದಿಲ್ಲ. ಮಂಡಿನೋವು ಹಾಗೇ ಇದೆ. ನೀನು ಕಳಿಸಿದ ಹುರುಳಿ ಮುಗಿಯಿತು; ದೆಹಲಿಯದಕ್ಕೆ ಆ ರುಚಿಯಿಲ್ಲವೆಂದು ನಿನ್ನ ಅತ್ತಿಗೆ ದಿನಾ ಗೊಣಗುತ್ತಾಳೆ.

ನಿನಗೆ ಬೇಕಾಗಿದ್ದು ಅಮ್ಮನ ದನಿ. 1989ರಲ್ಲಿ ನಮ್ಮ ಕಲಾ ಸಂಶೋಧನಾ ಕೇಂದ್ರಕ್ಕಾಗಿ ಊರ ಹೆಂಗಸರ ಹಾಡು ಟೇಪಿನಲ್ಲಿ ಮುದ್ರಿಸಿಕೊಳ್ಳಲು ಬಂದಿದ್ದೆನಲ್ಲ, ಆಗ ಅವಳೂ ತವರಿನ ಹಂಬಲದ ಹಾಡು ಹಾಡಿದ್ದಳು. ನಡುವೆ ಆಡಿದ ಮಾತೂ ಬೇಕು, ಅದರಲ್ಲಿ ನಿನ್ನ ಹೆಸರು ಬಂದಿತ್ತೇ ಎಂದು ಕೇಳಿದ್ದೀಯ. ಮನೆಯವರಿಗೆ ಬೇಡವಾದವನನ್ನು ಮದುವೆಯಾಗಿ ಹೋದ ಮಗಳನ್ನು ಅಮ್ಮ ಕೊನೆಗೂ ಕ್ಷಮಿಸಿದಳೇ ಎಂಬುದು ನಿನ್ನ ಪ್ರಶ್ನೆ.

ಟೇಪು ಉಗ್ರಾಣದಲ್ಲಿ ಅಂಟಂಟಾಗಿತ್ತು. ಅಂಥವನ್ನು ಹದವಾದ ಬಿಸಿಯಲ್ಲಿ ಒಣಗಿಸಿ, ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಇಳಿಸುತ್ತಾರೆ. ಆಮೇಲೆ ಆ ಟೇಪು ಕೆಲಸಕ್ಕೆ ಬರುವುದಿಲ್ಲ. ಆ ಕೆಲಸ ನಮ್ಮ ಕೇಂದ್ರದ ತಹಮೀನಾ ಅವರದು. ಹಾಡು ಚೆನ್ನಾಗಿ ಬಂದಿದೆ. ಮಾತಿಲ್ಲ. ಏಕೆಂದು ಕೇಳಿದರೆ ಟೇಪಿನ ಪೆಟ್ಟಿಗೆಯೊಳಗಿದ್ದ ಚೀಟಿ ತೆಗೆದು ಮುಂದಿಟ್ಟರು.

"ಅಕ್ಷರ ನಿಮ್ದೇ ಅಲ್ವಾ ಸರ್? ಹನ್ನೆರಡನೇ ನಿಮಿಷದಿಂದ ಹದಿನಾರರವರೆಗೆ ಮನೆ ವಿಚಾರದ ಮಾತು, ಬೇಡ ಅಂತಿದೆ. ಬೇಡ ಅಂದಿದ್ದನ್ನ ಇಳಿಸ್ಬಾರ್ದು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?"

ಹೌದು, ನಾನೇ. ಹಾಡನ್ನು ಉಳಿಸಬೇಕು, ಗದ್ದಲವನ್ನು ಬಿಡಬೇಕು ಎಂದು ಇಪ್ಪತ್ತು ವರ್ಷ ಹೊಸಬರಿಗೆ ಪಾಠ ಮಾಡಿದವನು. ನಾಯಿ ಬೊಗಳಿದ್ದು, ಎಮ್ಮೆ ಕೂಗಿದ್ದು, ಅಮ್ಮ ಮಾತಾಡಿದ್ದು, ಮೂರಕ್ಕೂ ಒಂದೇ ಗುರುತು ಹಾಕಿದ್ದೇನೆ. ತಹಮೀನಾ ಮೇಲೆ ರೇಗಲು ನನಗೆ ಬಾಯಿಲ್ಲ. ಹಾಡಿನ ಸಿಡಿ ಇದರೊಂದಿಗಿದೆ, ಮೊಮ್ಮಗಳ ಕೈಲಿ ಹಾಕಿಸಿಕೊಂಡು ಕೇಳು.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಬದರಿನಾಥ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಭೈಜಿ,
ಮಕರಾನಂದ

ಮೇಲೆ ಬರೆಯದೆ ಬಿಟ್ಟದ್ದು: ಆ ನಾಲ್ಕು ನಿಮಿಷದಲ್ಲಿ ಏನಿತ್ತೆಂದು ನನಗೆ ಗೊತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವಳೆದುರು ಕೂತವನು ನಾನೇ. "ಸರುಲಿ ಹತ್ರ ಹೋಗು. ನನ್ ಸಿಟ್ಟೆಲ್ಲ ಮುಗೀತು, ಬಂದ್ಬಿಡು ಅಂತ ಹೇಳು. ಕಣ್ಮುಚ್ಚೋದ್ರೊಳಗೆ ಒಂದ್ಸಲ ನೋಡ್ಬೇಕು," ಅಂದಳು. ನಿನ್ನ ಮನೆ ಅಲ್ಲಿಂದ ಎರಡು ಹರದಾರಿ. ಅವಳ ಸಿಟ್ಟು ಮುಗಿದಿತ್ತು, ನನ್ನದು ಮುಗಿದಿರಲಿಲ್ಲ. ನಾನು ದೆಹಲಿಯ ಬಸ್ಸು ಹತ್ತಿದೆ. ಫಾಲ್ಗುಣದಲ್ಲಿ ಅಮ್ಮ ಹೋದಳು. ಸಾಯುವ ತಾಯಿಯನ್ನೂ ನೋಡಲು ಬಾರದ ಮಗಳು ಎಂದು ಊರವರು ನಿನ್ನನ್ನು ಆಡಿಕೊಂಡಾಗ ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.