ಬಸ್ಸುಗಳು ಬಾರದ ಶರತ್ಕಾಲ

ವುಚ್, ಪೋಲೆಂಡ್,
೧೧ ಅಕ್ಟೋಬರ್ ೧೯೯೮, ಭಾನುವಾರ

ನನ್ನ ಮುದ್ದು ಕಾಲಿನಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು. ಮಾರುಕಟ್ಟೆ ಚಕ್ರದ ಹಾಗೆ, ಇಳಿದದ್ದು ಏರಿಯೇ ಏರುತ್ತದೆ ಎಂದು ಒಂದು ಪುಟ ತುಂಬ ಬರೆದು ನನಗೆ ಧೈರ್ಯ ಹೇಳಿದ್ದೀ. ಮುಂದಿನ ಪುಟದಲ್ಲಿ ಓದು ಬಿಟ್ಟು ಬಂದು ಸಂತೆಯ ನಮ್ಮ ಅಂಗಡಿಯಲ್ಲಿ ಕೂರುತ್ತೇನೆ ಅಂದಿದ್ದೀ. ಚಕ್ರದ ಮೇಲೆ ಅಷ್ಟು ನಂಬಿಕೆಯಿದ್ದರೆ ಗಂಟುಮೂಟೆ ಏಕೆ ಕಟ್ಟುತ್ತೀಯೇ, ಹುಚ್ಚಿ?

ಕಮ್ಯುನಿಸ್ಟರ ಸರ್ಕಾರ ಬಿದ್ದು ನಮ್ಮ ಬಟ್ಟೆ ಗಿರಣಿ ಮುಚ್ಚಿದಾಗ ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ. ನಿಮ್ಮಪ್ಪ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತವರು ಏಳಲೇ ಇಲ್ಲ. ನಾನು ಪರದೆ ಬಟ್ಟೆಯಲ್ಲಿ ನೈಟಿ ಹೊಲಿದು ಊರಾಚೆಯ ಸಂತೆಗೆ ಹೊತ್ತೆ. ನೀವೂ ಬನ್ನಿ ಎಂದು ಕರೆದಿದ್ದಕ್ಕೆ, "ಮಗ್ಗದ ಮೇಸ್ತ್ರಿ ಕಣೇ ನಾನು! ಸಂತೆಯಲ್ಲಿ ನೈಟಿ ಹಿಡಿದು ಕೂಗಲಾ?" ಅಂದಿದ್ದರು. ಆಮೇಲೆ ನಾನೂ ಕರೆಯಲಿಲ್ಲ.

ಮುಂದಿನದು ನಿನಗೆ ಗೊತ್ತು. ಪೂರ್ವದ ದೇಶಗಳಿಂದ ವ್ಯಾಪಾರಿಗಳ ಬಸ್ಸುಗಳು ಬರತೊಡಗಿದವು. ಬೆಳಕು ಹರಿಯುವ ಮೊದಲೇ ಉಕ್ರೇನಿನ ಲ್ವೀವ್‌ನಿಂದ ಬರುತ್ತಿದ್ದ ವ್ಯಾಪಾರಿ ಸ್ತೆಫಾ ತನ್ನ ಗೀಟಿನ ಚೀಲ ಬಿಚ್ಚಿ, "ಅಕ್ಕಾ, ಆರಿಸೋದೇನು, ಇದ್ದಿದ್ದೆಲ್ಲಾ ತುಂಬು!" ಎನ್ನುತ್ತಿದ್ದಳು. ನಾಲ್ಕು ಜನ ಹೆಂಗಸರನ್ನಿಟ್ಟು ಹೊಲಿಸಿದರೂ ಸಾಲುತ್ತಿರಲಿಲ್ಲ. ನೀನು ಪೋಜ್ನಾನ್‌ಗೆ ಓದಲು ಹೋದದ್ದು ಆ ನೈಟಿಗಳ ಬೆನ್ನೇರಿಯೇ.

ಈ ಆಗಸ್ಟ್‌ನಲ್ಲಿ ರಷ್ಯದ ರೂಬಲ್ ಬಿತ್ತು. ಅದರ ಹಿಂದೆಯೇ ಸ್ತೆಫಾಳ ದೇಶದ ಹಣವೂ ಬಿತ್ತು. ಬಸ್ಸುಗಳು ನಿಂತವು. ಹೋದ ವಾರ ಸ್ತೆಫಾ ಒಬ್ಬಳೇ, ಖಾಲಿ ಕೈಯಲ್ಲಿ, ರೈಲು ಹಿಡಿದು ಬಂದಿದ್ದಳು. "ಇನ್ನು ಬರೋದಿಲ್ಲ ಅಂತ ಹೇಳದೆ ಹೋದರೆ ನೀನು ಕಾಯ್ತೀಯ ಅಂತ ಬಂದೆ, ಅಕ್ಕಾ" ಅಂದಳು. ಇಬ್ಬರೂ ತಬ್ಬಿಕೊಂಡು ಅತ್ತೆವು. ಆಮೇಲೆ ಅವಳಿಗೆ ಬಿಸಿ ಬಿಸಿ ಬೀಟ್‌ರೂಟ್ ಸಾರು ಕುಡಿಸಿ ಕಳಿಸಿದೆ.

ಈಗ ಮುಖ್ಯ ಸಂಗತಿ ಕೇಳು. ನಿನ್ನೆ ನಾನು ಹೊರಡುವಾಗ ನಿಮ್ಮಪ್ಪ ಗಿರಣಿಯ ಬೂದು ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆ ಎಂದು ನಾನು ಕೇಳುವಷ್ಟರಲ್ಲಿ ನನ್ನ ಕೈಯ ಮೂಟೆ ಕಿತ್ತುಕೊಂಡರು. ದಾರಿಯುದ್ದಕ್ಕೂ ಮೂಟೆ ಅವರೇ ಹೊತ್ತರು. ಸಂತೆಯಲ್ಲಿ ಗಿರಾಕಿಯ ಸುಳಿವಿಲ್ಲ. ನಿಮ್ಮಪ್ಪ ಮೂಟೆ ಬಿಚ್ಚಿ ನೈಟಿಗಳನ್ನು ಹರವಿದರು. ಆಮೇಲೆ ಒಂದು ಗುಲಾಬಿ ನೈಟಿ ಎತ್ತಿ ಹಿಡಿದು, "ಬನ್ನಿ ತಾಯಂದಿರಾ! ರಾಣಿ ಹಾಗೆ ಮಲಗಿ, ರಾಣಿ ಹಾಗೆ ಏಳಿ!" ಎಂದು ಕೂಗಿದರು ನೋಡು! ನೂರು ಮಗ್ಗಗಳ ಸದ್ದನ್ನು ಮೀರಿಸಿದ್ದ ಗಂಟಲು ಅದು. ಸಂತೆಗೆ ಸಂತೆಯೇ ತಿರುಗಿತು. ಪಕ್ಕದ ಕಾಲುಚೀಲದವಳು, "ಇವರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ, ವ್ಯೆಸ್ವಾವಾ?" ಎಂದು ಬಿದ್ದು ಬಿದ್ದು ನಕ್ಕಳು. ಮಾರಾಟವಾದದ್ದು ಮೂರೇ. ಆದರೆ ಮಗಳೇ, ಗಿರಣಿ ಮುಚ್ಚಿದ ಮೇಲೆ ನಾನು ಆ ಧ್ವನಿ ಕೇಳಿರಲಿಲ್ಲ. ಮೂಟೆಯ ಹಿಂದೆ ಬಗ್ಗಿ ಕಣ್ಣು ಒರೆಸಿಕೊಂಡೆ.

ಅದಕ್ಕೇ ಹೇಳುತ್ತೇನೆ, ಬರಬೇಡ. ನೀನು ಬಂದು ಭಾರ ಹೊತ್ತರೆ ಅವರು ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾರೆ. ಪರೀಕ್ಷೆ ಬರೆ. ಬೆಚ್ಚಗೆ ಉಡು, ಹೊತ್ತಿಗೆ ಸರಿಯಾಗಿ ಉಣ್ಣು. ಕ್ರಿಸ್‌ಮಸ್‌ಗೆ ಬಾ, ಮೀನು ಹುರಿಯುತ್ತೇನೆ.

ನಿನ್ನ ಹಣೆಗೊಂದು ಮುತ್ತು.

ನಿನ್ನ ಅಮ್ಮ,
ವ್ಯೆಸ್ವಾವಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆಯೇ ಅಂಗಡಿಯ ಕೊನೆಯ ದಿನ. ನಾಳೆಯಿಂದ ಯಾದ್ವಿಗಾಳ ಕಾರ್ಖಾನೆಯಲ್ಲಿ ಹೊಲಿಯಲು ಹೋಗುತ್ತೇನೆ. ಒಂದು ಕಾಲಕ್ಕೆ ನಾನೇ ಕೆಲಸ ಕಲಿಸಿದ ಹುಡುಗಿ, ಒಳ್ಳೆಯವಳು. ನಿಮ್ಮಪ್ಪನಿಗೆ ಮೊದಲೇ ಹೇಳುವ ಧೈರ್ಯವಾಗದೆ, ಸಂಜೆ ಮನೆಗೆ ಬರುವ ದಾರಿಯಲ್ಲಿ ಹೇಳಿದೆ. ಅವರು ಮೂಟೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಅಂದರು: "ಗೊತ್ತಿತ್ತು ಕಣೇ. ಕೊನೇ ದಿನ ನೀನೊಬ್ಬಳೇ ನಿಲ್ಲಬಾರದು ಅಂತಲೇ ಬಂದೆ."