ಅರಬೈಲ್ ಇಳಿತದ ದೋಷಮಾತು

ಫೆಬ್ರವರಿ ೩೦, ೨೧೪೩
ಹಸ್ತಾಂತರ ಕಚೇರಿ, ಯಲ್ಲಾಪುರ

ಅಂದಿನವರಿಗೆ,

ತಾರೀಖು ನೋಡಿ ಕಾಗದವನ್ನು ಮಡಚಿಡಬೇಡಿ. ಕಡಲತೀರದ ಒಪ್ಪಂದಕ್ಕೆ ಸಹಿ ಹಾಕಿದ ಹದಿನಾಲ್ಕು ದೇಶಗಳು, ಸರಕು ತಲುಪುವ ದಿನದ ಬಗ್ಗೆ ತಕರಾರು ಬರಬಾರದೆಂದು, ಎಲ್ಲ ತಿಂಗಳಿಗೂ ಮೂವತ್ತೇ ದಿನವೆಂದು ಒಪ್ಪಿಕೊಂಡು ಅರವತ್ತು ವರ್ಷವಾಯಿತು. ವರ್ಷದ ಕೊನೆಯಲ್ಲಿ ಉಳಿಯುವ ಐದು ದಿನಗಳಿಗೆ ಹೆಸರಿಲ್ಲ. ಆ ದಿನಗಳಲ್ಲಿ ಹುಟ್ಟಿದವರು ನಮ್ಮಲ್ಲಿದ್ದಾರೆ. ಅರ್ಜಿ ತುಂಬುವಾಗ ಸ್ವಲ್ಪ ಕಷ್ಟಪಡುತ್ತಾರೆ. ಮುಂದೆ ಬರುವ ಕೆಲವು ಮಾತುಗಳು ನಿಮ್ಮ ಕಾಲದ ಕನ್ನಡದಲ್ಲಿ ಇರಲಿಕ್ಕಿಲ್ಲ. ಅದಕ್ಕೆ ಕ್ಷಮೆ ಇರಲಿ.

ಇದು ಹಿಂದೋಲೆ. ನಮ್ಮ ಕಚೇರಿಯ ದಾಖಲೆಗಾರರು ದೊಡ್ಡ ವಿಚಾರಣೆಯೊಂದು ಮುಗಿದಾಗ ಹಿಂದಿನ ಕಾಲಕ್ಕೆ ಒಂದು ಕಾಗದ ಬರೆಯಬಹುದೆಂದು ನಿಯಮವಿದೆ. ಕೆಳಗಿನ ಮಹಡಿಯ ಕಿಂಡಿಯೊಂದರಲ್ಲಿ ಅದನ್ನು ಹಾಕಬೇಕು. ತಲುಪುತ್ತದೆ ಎನ್ನುತ್ತಾರೆ. ರಸೀದಿ ಕೊಡುವುದಿಲ್ಲ. ಕಿಂಡಿಯ ಆಚೆ ಏನಿದೆ ನೋಡೋಣವೆಂದು ನಾನೊಮ್ಮೆ ಕಟ್ಟಡಕ್ಕೆ ಸುತ್ತು ಹಾಕಿದ್ದೆ. ಆಚೆ ಬದಿಗೆ ಕ್ಯಾಂಟೀನಿನ ಗೋಡೆ ಇತ್ತು. ಆದರೂ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಬೇರೆಯವರ ಮಾತುಗಳನ್ನೇ ಬರೆದವನಿಗೆ, ನಂಬಿಕೆಯಿಲ್ಲದ ಕಿಂಡಿಯೂ ಒಂದು ಕಿಂಡಿಯೇ.

ನಿಮ್ಮ ಕಾಲದ ಸಭೆಗಳ ನಡಾವಳಿಗಳನ್ನು ಓದಿದ್ದೇನೆ. ಗಡಿಯಾಚೆಯ ಲಾರಿ ಒಳಗೆ ಬರಬೇಕೋ, ಗಡಿಯಲ್ಲೇ ಸರಕು ಇಳಿಸಿ ನಮ್ಮ ಲಾರಿಗೆ ಏರಿಸಬೇಕೋ ಎಂದು ನೀವು ವಾದಿಸುತ್ತೀರಿ. ಬೇಡವೆನ್ನುವವರು ರಸ್ತೆಯ ಸುರಕ್ಷತೆಯ ಮಾತಾಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಕೆಲಸ. ಬೇಕೆನ್ನುವವರು ದೇಶಗಳ ಸ್ನೇಹದ ಮಾತಾಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಬಾಡಿಗೆ. ಇಬ್ಬರ ಮಾತೂ ಸುಳ್ಳಲ್ಲ. ಅದೇ ನನಗೆ ಅನುಮಾನ ಹುಟ್ಟಿಸುವ ಸಂಗತಿ. ಆ ದೊಡ್ಡ ಜಗಳದಲ್ಲಿ ಈಗ ಉಳಿದಿರುವುದು ಹನ್ನೆರಡು ಕಿಲೋಮೀಟರು ಮಾತ್ರ. ಮೊಂಬಾಸಾದಿಂದಲೋ ಮಸ್ಕತ್ತಿನಿಂದಲೋ ಹಡಗಿನ ಹೊಟ್ಟೆಯಲ್ಲಿ ನಿಂತು ಬಂದ ಲಾರಿ ಅಂಕೋಲೆಯ ಹತ್ತಿರ ದಡಕ್ಕೆ ಇಳಿದು, ತನ್ನದೇ ಚಾಲಕನೊಂದಿಗೆ ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ಹೋಗಬಹುದು. ತುಂಬಿದ ಲಾರಿ ಹಿಂದಿರುಗಿ ಅರಬೈಲ್ ಘಟ್ಟ ಇಳಿಯುವಾಗ ಮಾತ್ರ ಸ್ಟೀರಿಂಗ್ ಚಕ್ರ ನಮ್ಮವರ ಕೈಗೆ ಬರಬೇಕು. ಬಯಲಿನಲ್ಲಿ ಲಾರಿಗಳು ತಾವೇ ಓಡುತ್ತವೆ. ಘಟ್ಟದಲ್ಲಿ ಮನುಷ್ಯ ಕೂರಲೇಬೇಕು. ಯಂತ್ರ ತಪ್ಪಿದರೆ ಅದು ಯಾವ ದೇಶದ ತಪ್ಪೆಂದು ಹದಿನಾಲ್ಕು ದೇಶಗಳಿಗೆ ಇನ್ನೂ ತೀರ್ಮಾನಿಸಲು ಆಗಿಲ್ಲ. ಮನುಷ್ಯ ತಪ್ಪಿದರೆ ಅಂಥ ತೊಡಕಿಲ್ಲ.

ಘಟ್ಟದ ನೆತ್ತಿಯಲ್ಲಿ ಒಂದು ಕಲ್ಲುಕಟ್ಟೆ ಇದೆ. ಹೊರನಾಡಿನ ಚಾಲಕ ಇಳಿದು ಬಂದು ಅಲ್ಲಿ ಕೂರುತ್ತಾನೆ. ಪಾಳಿಯಲ್ಲಿರುವ ಘಟ್ಟದ ಚಾಲಕ ಎದುರಿಗೆ ಕೂರುತ್ತಾನೆ. ಇಬ್ಬರೂ ಕಿವಿಗುಂಡು ತೆಗೆದಿಡುತ್ತಾರೆ. ಯಾವ ಭಾಷೆಯನ್ನಾದರೂ ಕಿವಿಯಲ್ಲೇ ಕನ್ನಡ ಮಾಡಿ ಹೇಳುವ ಗುಂಡು ಅದು, ಆದರೆ ಕೇಳಿದ್ದನ್ನೆಲ್ಲ ಕಚೇರಿಗೂ ಕಳಿಸುತ್ತದೆ. ಆಮೇಲೆ ಬಂದವನು ತನ್ನ ಲಾರಿಯ ದೋಷವೊಂದನ್ನು ಕೈಸನ್ನೆಯಲ್ಲಿ, ಹತ್ತಿಪ್ಪತ್ತು ಸಾಮಾನ್ಯ ಶಬ್ದಗಳಲ್ಲಿ ಹೇಳಬೇಕು. ಹಿಂದಿನ ಬ್ರೇಕು ತಡವಾಗಿ ಹಿಡಿಯುತ್ತದೆ, ಮೂರನೆಯ ಗಾಲಿ ಬಿಸಿಯಾಗುತ್ತದೆ, ಹೀಗೆ. ಇದಕ್ಕೆ ದೋಷಮಾತು ಎಂದು ಹೆಸರು. ಅದನ್ನು ಕೇಳದೆ ಘಟ್ಟದ ಚಾಲಕರು ಚಕ್ರ ಮುಟ್ಟುವುದಿಲ್ಲ. ಇದು ಎಲ್ಲಿಯೂ ಬರೆದಿಲ್ಲ. ಬರೆಯುವಂತೆಯೂ ಇಲ್ಲ. ಒಪ್ಪಂದದ ಪ್ರಕಾರ ಪ್ರತಿ ಲಾರಿಗೂ ನಿರ್ದೋಷ ಪತ್ರವಿದೆ. ದೋಷವೊಂದು ಕಾಗದಕ್ಕೆ ಬಂದರೆ ಆ ಲಾರಿ ಹನ್ನೊಂದು ದಿನ ನಿಲ್ಲಬೇಕು. ಗೊತ್ತಿದ್ದೂ ಓಡಿಸಿದವರ ಪರವಾನಗಿ ರದ್ದಾಗುತ್ತದೆ. ಹಾಗಾಗಿ ಕಾಗದದಲ್ಲಿ ಲಾರಿಗಳೆಲ್ಲ ನಿರ್ದೋಷ, ಕಟ್ಟೆಯ ಮೇಲೆ ಎಲ್ಲವಕ್ಕೂ ಒಂದೊಂದು ದೋಷ. ಅರವತ್ತು ವರ್ಷ ಈ ಎರಡರ ನಡುವೆ ಲಾರಿಗಳು ಸುಖವಾಗಿ ಇಳಿದವು. ನಾನು ಕಾಗದದ ಕಡೆಯವನು. ಕಟ್ಟೆಯ ವಿಷಯ ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ.

ಕಳೆದ ತಿಂಗಳು ಓಮಾರಿ ಎಂಬ ಮೊಂಬಾಸಾದ ಚಾಲಕ ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಕಟ್ಟೆಗೆ ಬಂದ. ಈ ದಾರಿಯಲ್ಲಿ ಅದು ಅವನ ಮೊದಲ ಸಲ. ಮಿತಭಾಷಿ, ಅಚ್ಚುಕಟ್ಟಿನ ಮನುಷ್ಯ. ಬ್ರೇಕುಗಳನ್ನು ಹುಬ್ಬಳ್ಳಿಯಲ್ಲಿ ತಾನೇ ಬಿಚ್ಚಿ ನೋಡಿ ಜೋಡಿಸಿಕೊಂಡಿದ್ದ. ದೋಷವೇನೆಂದು ಕೈಯಾಡಿಸಿ ಕೇಳಿದರೆ, ಏನೂ ಇಲ್ಲವೆಂದು ಕೈಯಾಡಿಸಿದ. ಘಟ್ಟದ ಚಾಲಕರ ಸಂಘದ ಅಧ್ಯಕ್ಷ ಬೀರಣ್ಣ ನಾಯಕರು ಆಗ ಕಟ್ಟೆಯ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರಂತೆ. "ದೋಷ ಇಲ್ದಿದ್ ಲಾರಿ ಇನ್ನೂ ಹುಟ್ಲಿಲ್ಲ ತಮ್ಮಾ," ಎಂದರಂತೆ. "ಮುಚ್ಚಿಡ್ತಾ ಇದ್ದಾನೆ ಅಂದ್ರೆ ಭಾರೀದೇ ಏನೋ ಇದ್ದು. ಬಿಡಿ ಮೂಲೇಲಿ, ನೆನಪಾಗ್ತದೆ." ಎಲ್ಲರೂ ನಕ್ಕರಂತೆ. ಓಮಾರಿ ಮೂರು ದಿನ ಮೂಲೆಯಲ್ಲಿ ನಿಂತ. ಅನ್ನ, ಸಾರು, ಬೀಡಿ ಎಲ್ಲವನ್ನೂ ಅವರೇ ಕೊಟ್ಟರು. ಚಕ್ರ ಮಾತ್ರ ಮುಟ್ಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಪಾಳಿ ರೊಜೀನಾ ಸಿದ್ದಿಯವರದು. ನಲವತ್ತೊಂದರ ಹೆಂಗಸು, ಹದಿನಾರು ವರ್ಷದಿಂದ ಘಟ್ಟ ಇಳಿಸುತ್ತಿರುವವರು. ಓಮಾರಿ ಕಟ್ಟೆಗೆ ಬಂದು ಕುಳಿತು, ಎಡಗೈಯನ್ನು ಮುಂದೆ ಚಾಚಿ ತನ್ನೆಡೆಗೆ ಎಳೆದು ತೋರಿಸಿದ. ಬ್ರೇಕು ಒತ್ತಿದರೆ ಲಾರಿ ಎಡಕ್ಕೆ ಎಳೆಯುತ್ತದೆ ಎಂದರ್ಥ. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಕೊನೆಗೂ ಮನುಷ್ಯನಾದ ಎಂಬಂತೆ ಒಬ್ಬರು ಬೆನ್ನು ತಟ್ಟಿದರು. ರೊಜೀನಾ ಮೊದಲ ಎರಡು ತಿರುವುಗಳನ್ನು ಬ್ರೇಕು ಮುಟ್ಟದೆ, ಮೋಟರಿನ ಹಿಡಿತದಲ್ಲೇ ಇಳಿಸಿದರು. ಮೂರನೆಯದು ಕಡಿದಾದದ್ದು. ಅಲ್ಲಿ ಬ್ರೇಕು ಒತ್ತುವಾಗಲೇ, ಎಡಕ್ಕೆ ಎಳೆಯುವ ಲಾರಿಗೆ ಎಷ್ಟು ಬೇಕೋ ಅಷ್ಟು, ಚಕ್ರವನ್ನು ಬಲಕ್ಕೆ ಕೊಟ್ಟರು. ಲಾರಿ ನೇರವಾಗಿಯೇ ಇತ್ತು. ಅದು ಬಲಕ್ಕೆ ಹೋಗಿ, ಗುಡ್ಡಕ್ಕೆ ಉಜ್ಜಿ, ಮಗ್ಗುಲಾಯಿತು. ರೊಜೀನಾರ ಬಲಭುಜದ ಮೂಳೆ ಮುರಿಯಿತು, ಪಕ್ಕದಲ್ಲಿದ್ದ ಓಮಾರಿಯ ಹಣೆ ಒಡೆಯಿತು. ಮೆಣಸಿನಕಾಯಿ ಘಟ್ಟದ ತುಂಬ ಚೆಲ್ಲಿ, ಎತ್ತಲು ಬಂದವರು ಒಂದು ವಾರ ಕೆಮ್ಮಿದರು. ಸತ್ತವರಿಲ್ಲ. ಆದ್ದರಿಂದ ಇದು ದೊಡ್ಡ ವಿಚಾರಣೆ ಆಗಬೇಕಾಗಿರಲಿಲ್ಲ. ಆದರೆ ಆ ಹನ್ನೆರಡು ಕಿಲೋಮೀಟರನ್ನೂ ಹೊರನಾಡಿನ ಚಾಲಕರಿಗೆ ತೆರೆಯಬೇಕೆಂಬ ಅರ್ಜಿ ಆಗಲೇ ಕಚೇರಿಯ ಮುಂದಿತ್ತು. ಮಗ್ಗುಲಾದ ಲಾರಿ ಎರಡು ಕಡೆಯವರಿಗೂ ಸಾಕ್ಷಿಯಾಗಿ ಬೇಕಾಯಿತು.

ಬೀರಣ್ಣ ನಾಯಕರು ವಿಚಾರಣೆಯ ಮೊದಲ ದಿನವೇ ರೊಜೀನಾರನ್ನು ಕೇಳಿದರು: "ಮೂರ್ ದಿನ ಯಾರೂ ಮುಟ್ದೇ ಇದ್ದದ್ದು. ನೀನೇ ಎಂತಕ್ಕೆ ಹತ್ತಿದ್ದು? ಮುಖ ನೋಡಿ ಕರುಳು ಕರೀತಾ, ತಂಗಿ?" ಸಭೆಯಲ್ಲಿ ಸಣ್ಣ ನಗು ಹರಿಯಿತು. ಸಿದ್ದಿಯರ ಪೂರ್ವಿಕರನ್ನು ಅದೇ ಆಫ್ರಿಕದ ಕರಾವಳಿಯಿಂದ ಹಡಗುಗಳಲ್ಲಿ ಹಿಡಿದು ತಂದಿದ್ದರೆಂಬುದು ನಿಮಗೂ ತಿಳಿದಿರಬಹುದು. ಅದಾಗಿ ಶತಮಾನಗಳು ಕಳೆದಿವೆ. ರೊಜೀನಾ ಪಟ್ಟಿ ಕಟ್ಟಿದ ಭುಜವನ್ನು ಸರಿಮಾಡಿಕೊಂಡು ಹೇಳಿದರು: "ಬೀರಣ್ಣಾ, ನನ್ನ ಪಾಳಿ ಇತ್ತು, ಹತ್ತಿದೆ. ನಿನ್ನ ಪಾಳಿ ಇದ್ದಿದ್ರೆ ನೀ ಹತ್ತೋನಾಗಿದ್ದೆ, ಭುಜ ನಿಂದು ಮುರೀತಿತ್ತು. ಅವನ ಭಾಷೆ ನಂಗೆ ಒಂದಕ್ಷರ ಬರೂದಿಲ್ಲ. ನಮ್ಮಜ್ಜನ ಅಜ್ಜನೂ ಈ ಕಾಡಲ್ಲೇ ಹುಟ್ಟಿದೋನು. ನಿಮ್ಮಜ್ಜನ ಅಜ್ಜ ಎಲ್ಲಿಯವ್ನು, ನಾ ಯಾವತ್ತಾರೂ ಕೇಳಿದ್ನಾ?" ಈ ಸಲ ನಗು ಬೇರೆ ಕಡೆಯಿಂದ ಬಂತು. ನಾನು ನಗಲಿಲ್ಲ. ಬೀರಣ್ಣನವರು ಕೇಳುವ ಮೊದಲೇ ಆ ಪ್ರಶ್ನೆ ನನ್ನ ತಲೆಯಲ್ಲಿ ಸುಳಿದು ಹೋಗಿತ್ತು. ಅದನ್ನು ಯಾವ ಕಾಗದದಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ದಿನ ಓಮಾರಿ ಮಾತಾಡಿದ. ಅವನ ಸ್ವಾಹಿಲಿ ಕಿವಿಗುಂಡಿನ ಗ್ರಂಥಸ್ಥ ಕನ್ನಡವಾಗಿ ಎಲ್ಲರಿಗೂ ಕೇಳಿಸಿತು: "ನನ್ನ ವಾಹನದಲ್ಲಿ ದೋಷವಿರಲಿಲ್ಲ. ದೋಷವಿಲ್ಲವೆಂದು ಹೇಳಿದುದಕ್ಕೆ ಮೂರು ದಿನ ನಿಲ್ಲಿಸಿದರು. ನಾಲ್ಕನೆಯ ದಿನ ಅವರಿಗೆ ಒಂದು ದೋಷವನ್ನು ಕೊಟ್ಟೆನು." ಬರೆಯುತ್ತಿದ್ದ ನಾನು ತಲೆಯೆತ್ತಿದೆ. ಅವನು ಸುಳ್ಳು ಹೇಳಿದ್ದನೆಂದಲ್ಲ. ಕಟ್ಟೆಯ ಮಾತು ಮೊದಲ ಸಲ ಕಚೇರಿಯೊಳಗೆ ಬಂದಿತ್ತು. ಅರ್ಜಿ ಹಾಕಿದ್ದ ಸಾಗಣೆದಾರರ ಪ್ರತಿನಿಧಿಯೂ ಬೀರಣ್ಣನವರೂ ಆ ಎರಡು ದಿನಗಳಲ್ಲಿ ಒಬ್ಬರನ್ನೊಬ್ಬರು ನೋಡಿದ್ದು ಆಗ ಮಾತ್ರ.

ಆ ಸಂಜೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಕೋಣೆಗೆ ಬಂದರು. ದೋಷಮಾತು ದಾಖಲಾದರೆ ಅರವತ್ತು ವರ್ಷದ ನಿರ್ದೋಷ ಪತ್ರಗಳೆಲ್ಲ ಸುಳ್ಳಾಗುತ್ತವೆ ಎಂದು ಪ್ರತಿನಿಧಿಗೆ ಹೆದರಿಕೆ. ದೋಷ ಕೇಳಿಯೂ ಓಡಿಸಿದ ಚಾಲಕರೆಲ್ಲರ ಪರವಾನಗಿ ಹೋಗುತ್ತದೆ ಎಂದು ಬೀರಣ್ಣನವರಿಗೆ. ಇಬ್ಬರೂ ತಂದಿದ್ದ ಪರಿಹಾರ ಒಂದೇ ಆಗಿತ್ತು: ರಸ್ತೆ ಒದ್ದೆಯಾಗಿತ್ತೆಂದು ಬರೆಯಿರಿ. ಬೀರಣ್ಣನವರು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ನಾ ಸಭೇಲಿ ಹಂಗೆ ಕೇಳ್ಬಾರ್ದಿತ್ತು. ಆದ್ರೆ ಅವಳ ಅನ್ನ ಉಳೀಬೇಕು ಅಂದ್ರೆ ಇದೊಂದೇ ದಾರಿ ಮಾರಾಯ್ರೇ." ಅವರು ನಿಜವನ್ನೇ ಹೇಳಿದ್ದರು. ರಸ್ತೆ ಒದ್ದೆಯಿದ್ದರೆ ಯಾರದೂ ತಪ್ಪಿಲ್ಲ. ನಿಜ ಬರೆದರೆ ಓಮಾರಿಗೆ ಏನೂ ಆಗುವುದಿಲ್ಲ, ಕಟ್ಟೆಯ ಮಾತು ಕಾನೂನಿನಲ್ಲಿ ಮಾತೇ ಅಲ್ಲ. ಉಳಿದ ಚಾಲಕರ ಮೇಲೆ ಗುಮಾನಿಯಷ್ಟೇ ಬರುತ್ತದೆ, ಹೆಸರು ಹಿಡಿದು ತೋರಿಸಲು ಏನೂ ಇಲ್ಲ. ದೋಷ ಕೇಳಿಯೂ ಚಕ್ರ ಹಿಡಿದವರೆಂದು ರೊಜೀನಾರ ಹೆಸರು ಮಾತ್ರ ಇದೆ.

ನಾನು ಹಾಗೆಯೇ ಬರೆದೆ. ಮಳೆ ಬೀಳದ ತಿಂಗಳಿನಲ್ಲಿ, ಬಿಸಿಲು ಸುಡುವ ಮಧ್ಯಾಹ್ನದಲ್ಲಿ, ರಸ್ತೆ ಒದ್ದೆಯಾಗಿತ್ತೆಂದು ಬರೆದೆ. ಬರೆದ ಮೇಲೆ ನನಗೆ ಓಮಾರಿಯ ಎಡಗೈ ಕಣ್ಣಿಗೆ ಕಟ್ಟಿತು. ಮುಂದೆ ಸಾಗಬೇಕಾದರೆ ಒಂದು ದೋಷ ಕೊಡಬೇಕಾಗಿತ್ತು, ನಾನೂ ಒಂದನ್ನು ಕೊಟ್ಟಿದ್ದೆ. ಮರುದಿನ ಸಹಿಗೆಂದು ರೊಜೀನಾರನ್ನು ಕರೆದೆ. ಅವರು ನಿಧಾನವಾಗಿ ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ.

"ಅವತ್ತು ಎಲ್ಲಿತ್ತು ಸಾರ್ ನೀರು?" ಎಂದರು.

ಇದರಿಂದ ಅವರ ಪರವಾನಗಿ ಉಳಿಯುತ್ತದೆ ಎಂದು ಹೇಳಿದೆ.

"ಗೊತ್ತಾಯ್ತು. ಇಬ್ಬರು ಮಕ್ಕಳು ನಂಗೆ. ಈ ಕೈಗೆ ಬೇರೆ ಎಂಥ ಕೆಲಸಾನೂ ಬರೂದಿಲ್ಲ." ಕಾಗದವನ್ನು ನನ್ನ ಕಡೆಗೆ ಸರಿಸಿದರು. "ಸಾರ್, ಆ ಮನುಷ್ಯ ನಿಜ ಹೇಳ್ದ, ನಾವು ನಂಬ್ಲಿಲ್ಲ. ಸುಳ್ಳು ಹೇಳ್ದ, ನಂಬಿದ್ವಿ. ನಂಬಿದೋಳು ನಾನೇ, ಬೇರೆಯೋರಲ್ಲ. ಈಗ ನೀವು ಮಳೆ ಅಂತ ಬರೀತೀರಿ. ನಾಳೆ ನನ್ನ ಮಗಳೇ ಈ ಘಟ್ಟ ಇಳಿಸ್ಬೋದು. ಅವಳು ಈ ಕಾಗ್ದ ಓದಿ ಆ ತಿರುವಲ್ಲಿ ನೀರು ನೋಡ್ತಾಳೆ. ನೋಡ್ಬೇಕಾದ್ದು ನೋಡೂದಿಲ್ಲ."

ಸಹಿ ಹಾಕಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಆಮೇಲೆ ಕರೆಯಿರಿ ಎಂದು ಹೇಳಿ ಹೋದರು. ನಾನು ಎರಡು ದಿನ ಸುಮ್ಮನಿದ್ದೆ. ಅವರು ಮನಸ್ಸು ಬದಲಿಸುತ್ತಾರೆಂದು ಕಾದೆ. ಅದರಿಂದ ನನ್ನ ಕೆಲಸ ಹಗುರಾಗುತ್ತಿತ್ತು. ಅವರು ಬದಲಿಸಲಿಲ್ಲ. ನಿನ್ನೆ ಇದ್ದದ್ದನ್ನು ಬರೆದೆ. ಅವರು ಬಂದು, ಎಡಗೈಯಲ್ಲಿ, ಮಗುವಿನ ಹಾಗೆ ದೊಡ್ಡ ಅಕ್ಷರಗಳಲ್ಲಿ ಸಹಿ ಮಾಡಿದರು. ನಾಳೆ ಹನ್ನೊಂದು ಗಂಟೆಗೆ ಬಂದು ಪರವಾನಗಿಯನ್ನು ಒಪ್ಪಿಸಬೇಕು. ಅರ್ಜಿ ಮಂಜೂರಾಗಿ, ಹನ್ನೆರಡು ಕಿಲೋಮೀಟರು ಮುಂದಿನ ತಿಂಗಳು ತೆರೆಯುತ್ತದೆ. ಕಟ್ಟೆ ಹಾಗೆಯೇ ಇರುತ್ತದೆ. ಅದರ ಮೇಲೆ ಕೂರುವವರು ಇರುವುದಿಲ್ಲ. ಲಾರಿಗಳು ನಿರ್ದೋಷ ಪತ್ರ ಹೊತ್ತು ತಮ್ಮ ತಮ್ಮ ಚಾಲಕರೊಂದಿಗೇ ಇಳಿಯುತ್ತವೆ. ಯಾವ ಗಾಲಿ ಬಿಸಿಯಾಗುತ್ತದೆಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಒಪ್ಪಂದವನ್ನು ಮತ್ತೆ ಮೊದಲಿನಿಂದ ಓದಿದೆ, ನಾನೂರು ಪುಟ. ಹಿಂಬದಿಯ ಪ್ರತಿಫಲಕದ ಬಣ್ಣಕ್ಕೆ ಮೂರು ಪುಟಗಳಿವೆ. ಚಾಲಕರು ತೊಡಬೇಕಾದ ಪಾದರಕ್ಷೆಗೆ ಒಂದು ಪುಟವಿದೆ. ನಾನು ಹುಡುಕಿದ ಸಾಲು ಇರಲಿಲ್ಲ. ಆ ಒಪ್ಪಂದದ ಮೊದಲ ಕರಡನ್ನು ಬರೆಯುವವರು ನಿಮ್ಮ ಕಾಲದಲ್ಲೆಲ್ಲೋ ಈಗ ಕುಳಿತಿದ್ದಾರೆ. ಬಹುಶಃ ಹೊರಗಿನ ಲಾರಿ ಒಳಗೆ ಬರಬೇಕೋ ಬೇಡವೋ ಎಂದೇ ಇನ್ನೂ ಗುದ್ದಾಡುತ್ತಿದ್ದಾರೆ. ಆ ಜಗಳದಲ್ಲಿ ಯಾರು ಗೆದ್ದರೂ ನನಗೆ ಬೇಸರವಿಲ್ಲ. ನನಗೆ ಬೇಕಾದ ಸಾಲು ಇಷ್ಟು: ಯಾವ ದೇಶದ ಚಾಲಕರೇ ಆಗಲಿ, ಲಾರಿಯ ದೋಷ ಹೇಳಿದರೆ ಅದನ್ನು ಅಲ್ಲಿಯೇ ಸರಿಮಾಡಿಸಿ ಮುಂದೆ ಬಿಡತಕ್ಕದ್ದು, ಹೇಳಿದವರ ಮೇಲಾಗಲಿ ಕೇಳಿದವರ ಮೇಲಾಗಲಿ ಕ್ರಮವಿಲ್ಲ. ಎಲ್ಲಿ ಬೇಕಾದರೂ ಸೇರಿಸಿ. ಪಾದರಕ್ಷೆಯ ಪುಟದ ಕೆಳಗಾದರೂ ಆದೀತು.

ನೀವು ಸೇರಿಸಿದರೆ ನನಗದು ತಿಳಿಯುತ್ತದೆಯೋ ಇಲ್ಲವೋ. ಆ ಸಾಲು ಮೊದಲಿನಿಂದಲೂ ಅಲ್ಲಿತ್ತೆಂದು ನಾನು ಅಂದುಕೊಳ್ಳಬಹುದು. ಈ ಕಾಗದ ಬರೆದದ್ದೇ ಮರೆತುಹೋಗಬಹುದು. ಯಾರಿಗೂ ಕೃತಜ್ಞತೆ ಹೇಳಬೇಕೆಂದು ಹೊಳೆಯದೆಯೂ ಹೋಗಬಹುದು. ಅಡ್ಡಿಯಿಲ್ಲ. ನನಗೆ ನಿಮ್ಮ ಮೇಲೆ ಹೆಚ್ಚಿನ ನಂಬಿಕೆ ಇಲ್ಲ, ಈ ಕಿಂಡಿಯ ಮೇಲೆ ಅದಕ್ಕಿಂತ ಕಡಿಮೆ. ಆದರೂ ನಾಳೆ ಒಂಬತ್ತಕ್ಕೆ ಕಚೇರಿ ತೆರೆಯುವ ಹೊತ್ತಿಗೇ ಬಂದು, ಬೇರೇನನ್ನೂ ಮುಟ್ಟದೆ, ಒಪ್ಪಂದದ ಪುಸ್ತಕ ತೆಗೆದು ಮೊದಲ ಪುಟದಿಂದ ಆ ಸಾಲನ್ನು ಹುಡುಕುತ್ತೇನೆ. ರೊಜೀನಾ ಹೊತ್ತಿಗೆ ಸರಿಯಾಗಿ ಬರುವವರು. ನನಗೆ ಎರಡು ಗಂಟೆ ಸಿಗುತ್ತದೆ.

ನಿಮ್ಮವನಲ್ಲದ,
ದಾಖಲೆಗಾರ